ಟೊರಿಲ್‌ಗೆ ಬೀಳದ ವೋಟುಗಳು

ಟೊರಿಲ್, ಅವತ್ತು ನಿನ್ನನ್ನು ಸೋಲಿಸಿದವನು ನಾನು. ನಿನ್ನ ಜೀವದ ಗೆಳತಿ ಜೋನ್ ಅಲ್ಲ — ಅವಳಂತೂ ಅಲ್ಲವೇ ಅಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳ ಮೆಲ್ಬರ್ನ್. ಮೈಸೂರಿನ ನನ್ನ ಎಂಜಿನಿಯರಿಂಗ್ ಡಿಗ್ರಿಯನ್ನು ಯಾರೂ ಮೂಸಿ ನೋಡದೆ ನಾನು ಕಾರ್ಖಾನೆಯಲ್ಲಿ ಡಬ್ಬಿ ಹೊರುತ್ತಿದ್ದಾಗ, ನನಗಾಗಿ ಆಫೀಸಿಂದ ಆಫೀಸಿಗೆ ಅಲೆದವಳು ನೀನು. ನಾರ್ವೆಯಿಂದ ಬಂದು ಇಲ್ಲಿ ಬಾಡಿಗೆದಾರರ ಪರ, ವಲಸಿಗರ ಪರ ಜಗಳವಾಡುತ್ತಿದ್ದ ಎಡಪಂಥದ ಹೆಂಗಸು.

ನಿನ್ನ ಪಕ್ಷ ನಗರ ಕೌನ್ಸಿಲ್ ಚುನಾವಣೆಗೆ ಅಭ್ಯರ್ಥಿಯನ್ನು ಆರಿಸಬೇಕಿತ್ತು, ಸದಸ್ಯರದೇ ವೋಟು. ನಿನ್ನ ಎದುರಾಳಿ, ಅದೇ ಪಕ್ಷದ ಹಳೇ ಕೌನ್ಸಿಲರ್, ಕನ್ನಡ ಸಂಘದ ಕಾರ್ಯದರ್ಶಿಯಾಗಿದ್ದ ನನ್ನನ್ನು ಕರೆದ. ನಿಮ್ಮವರನ್ನು ಸದಸ್ಯರನ್ನಾಗಿಸಿ ನನಗೆ ವೋಟು ಹಾಕಿಸು, ಶನಿವಾರದ ಕನ್ನಡ ಕ್ಲಾಸಿಗೆ ಕೌನ್ಸಿಲ್ ಹಾಲ್ ಕೊಡಿಸುತ್ತೇನೆ ಎಂದ. ಅಲ್ಲಿಯವರೆಗೆ ಮಕ್ಕಳು ನಮ್ಮ ಗ್ಯಾರೇಜಿನಲ್ಲಿ ಅಆಇಈ ತಿದ್ದುತ್ತಿದ್ದರು. ಒಪ್ಪಿಕೊಂಡೆ.

ಉಗಾದಿ ಊಟದಲ್ಲಿ ಒಬ್ಬಟ್ಟಿನ ಹಿಂದೆಯೇ ಪಕ್ಷದ ಸದಸ್ಯತ್ವದ ಫಾರಂ ಹೋಯಿತು. ಹಾಲ್‌ಗೋಸ್ಕರ ಎಂದೆ. ಕೈ ತೊಳೆದುಕೊಂಡು ಬಂದವರೆಲ್ಲ ಸಹಿ ಹಾಕಿದರು. ಏನು ಎತ್ತ ಎಂದು ಒಬ್ಬರೂ ಕೇಳಲಿಲ್ಲ.

ವೋಟಿನ ದಿನ ನೀನು ಬಾಗಿಲಲ್ಲಿದ್ದೆ. ಸೀರೆಯುಟ್ಟವರ ಸಾಲು ನೋಡಿ ಓಡಿಬಂದು ನನ್ನ ಎರಡೂ ಕೈ ಹಿಡಿದುಕೊಂಡೆ.

“ಇವರನ್ನೆಲ್ಲ ನನಗೋಸ್ಕರ ಕರ್ಕೊಂಡು ಬಂದೆಯಾ?”

“ಹೌದು,” ಎಂದೆ.

ಇನ್ನೇನು ಹೇಳಬಹುದಿತ್ತು — ಹೇಳಬಹುದಿತ್ತು. ಸಾಲು ಇನ್ನೂ ಹೊರಗೇ ಇತ್ತು. ಅವರ ಕೈಯಲ್ಲಿ ಆತನ ಹೆಸರಿನ ಚೀಟಿ, ನಾನೇ ಬರೆದು ಹಂಚಿದ್ದು. ನಿನ್ನ ಕೈ ಬಿಡಿಸಿಕೊಳ್ಳಲೂ ಆಗದೆ ನಿಂತಿದ್ದೆ.

ನೀನು ಸ್ವಲ್ಪದರಲ್ಲಿ ಸೋತೆ. ನಮ್ಮವರ ವೋಟೆಲ್ಲ ನಿನಗೇ ಬಿದ್ದಿದೆ ಎಂದು ನಂಬಿದ್ದೆಯಲ್ಲ — ಹಾಗಾದರೆ ಕೈಕೊಟ್ಟವರು ನಿನ್ನವರೇ ಎಂದುಕೊಂಡೆ. ಪಕ್ಷದವರ ವೋಟು ಕೂಡಿಸುವ ಹೊಣೆ ಹೊತ್ತಿದ್ದ ಜೋನ್ ಜೊತೆ ನೀನು ಮಾತು ಬಿಟ್ಟೆ. ಅವಳು ನಮ್ಮ ಮನೆಗೆ ಬಂದು ಅತ್ತಳು. ನಾನು ಕಾಫಿ ಮಾಡಿಕೊಟ್ಟೆ, ಅಷ್ಟೇ. ಮರುವರ್ಷ ನೀನು ನಾರ್ವೆಗೆ ಹೊರಟುಹೋದೆ.

ಅಲ್ಲಿ ಗೆದ್ದೆ, ಪಾರ್ಲಿಮೆಂಟಿಗೂ ಹೋದೆ. ಅದರಿಂದ ನನ್ನ ತಪ್ಪೇನೂ ಸಣ್ಣದಾಗಲಿಲ್ಲ. ಪ್ರತಿ ಕ್ರಿಸ್‌ಮಸ್‌ಗೆ ನಿನ್ನ ಕಾರ್ಡು ಬರುತ್ತದೆ. ವಲಸಿಗರ ಬಗ್ಗೆ ಭಾಷಣ ಮಾಡುವಾಗಲೆಲ್ಲ, ನಿನಗಾಗಿ ಸಾಲು ನಿಂತ ಆ ಸೀರೆಯ ಹೆಂಗಸರ ಕತೆ ಹೇಳುತ್ತೀಯಂತೆ. ಓದಿ ನಾಚಿಕೆಯಿಂದ ಕುಸಿಯುತ್ತೇನೆ. ಹೋದ ತಿಂಗಳು ಜೋನ್ ತೀರಿಕೊಂಡಳು.

ಈಗಲೂ ನಿನಗೆ ಓದಲು ಬಾರದ ಕನ್ನಡದಲ್ಲಿ ಬರೆಯುತ್ತಿದ್ದೇನೆ, ನೋಡು. ಇಂಗ್ಲಿಷಿನಲ್ಲಿ ಮೊದಲ ಸಾಲು ದಾಟಲಾಗಲಿಲ್ಲ. ಸಂಜೆ ಮಗಳು ಬರುತ್ತಾಳೆ. ಇದನ್ನು ಓದಿ, ಇಂಗ್ಲಿಷಿಗೆ ಮಾಡಿ, ನಿನಗೆ ಕಳಿಸು ಎಂದು ಅವಳ ಕೈಗೆ ಕೊಡುತ್ತೇನೆ. ಅವಳು ಕನ್ನಡ ಓದಲು ಕಲಿತದ್ದು ಆ ಹಾಲ್‌ನಲ್ಲೇ.