ಕಲ್ಲಿನಂಥ ಕ್ಲಚ್ಚು

ಟೈಲರಮ್ಮ ಕಾರು ಓಡಿಸುವುದನ್ನು ಕಲಿತದ್ದು ನಲವತ್ತೇಳನೆಯ ವಯಸ್ಸಿನಲ್ಲಿ. ಮನೆಯ ಮುಂದಿನ ಕೋಣೆಯಲ್ಲಿ ಎರಡು ಮೆಷಿನ್ ಹಾಕಿಕೊಂಡು ಶಾಲಾ ಸಮವಸ್ತ್ರ ಹೊಲಿಯುತ್ತಿದ್ದ ಹೆಂಗಸು. ಬಟ್ಟೆಗಂಟುಗಳನ್ನು ಬಸ್ಸಿನಲ್ಲಿ ಹೊತ್ತು ಹೊತ್ತು ಸಾಕಾಗಿ, ಗಂಡನಿಗೆ ಹೇಳದೆ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಒಂದು ತಿಂಗಳು ಬೆಳಗ್ಗೆ ಹಾಲು ತರುವ ನೆಪದಲ್ಲಿ ಹೋಗಿ ಬಂದಳು. ಲೈಸೆನ್ಸ್ ಕೈಗೆ ಬಂದ ದಿನ ಅದನ್ನು ಗಂಡನ ತಟ್ಟೆಯ ಪಕ್ಕ ಇಟ್ಟಳು.

ಗಂಡ ಮೂವತ್ತು ವರ್ಷ ನೀರಿನ ಟ್ಯಾಂಕರ್ ಓಡಿಸಿದವನು. ಬೀದಿಯವರು ಅವನನ್ನು ಟ್ಯಾಂಕರ್ ಎಂದೇ ಕರೆಯುತ್ತಿದ್ದರು. ಮೈಕಟ್ಟೂ ಆ ಹೆಸರಿಗೆ ಮೋಸ ಮಾಡಿರಲಿಲ್ಲ. ಅವನು ಲೈಸೆನ್ಸನ್ನು ತಿರುಗಿಸಿ ಮುರುಗಿಸಿ ನೋಡಿ, "ಫೋಟೋ ಚೆನ್ನಾಗಿ ಬಂದಿದೆ" ಎಂದು ಊಟ ಮುಂದುವರಿಸಿದ.

ಅವರದು ಇಪ್ಪತ್ತು ವರ್ಷ ಹಳೆಯ ಬೂದು ಬಣ್ಣದ ಕಾರು. ಆ ಭಾನುವಾರ ಅವಳೇ ಅದನ್ನು ಓಡಿಸಿ ಗಂಡನನ್ನು ಮಾರುಕಟ್ಟೆಗೆ ಕರೆದುಕೊಂಡು ಹೋದಳು. ಎಲ್ಲೂ ಮುಗ್ಗರಿಸಲಿಲ್ಲ, ಯಾರಿಗೂ ತಾಗಿಸಲಿಲ್ಲ. ವಾಪಸು ಬಂದಾಗ ಬೀದಿಯ ತುದಿಯ ಅಂಗಡಿಯವನು ಕೂಗಿ ಹೇಳಿದ: "ಏನ್ ಟ್ಯಾಂಕರಣ್ಣ, ಮನೆಯವ್ರು ಡ್ರೈವರ್ರು, ನೀವು ಸಾಹೇಬ್ರಾ?"

ಎಲ್ಲರೂ ನಕ್ಕರು. ಅವನೂ ನಕ್ಕ. ಕಿವಿ ಮಾತ್ರ ಕೆಂಪಾಗಿತ್ತು.

ಹತ್ತು ದಿನ ಕಳೆದ ಮೇಲೆ ಅವನು ಕಾರನ್ನು ಸರ್ವಿಸಿಗೆಂದು ತನ್ನ ಗೆಳೆಯನ ಗ್ಯಾರೇಜಿಗೆ ಬಿಟ್ಟ. ತಿರುಗಿ ಬಂದ ಕಾರಿನ ಕ್ಲಚ್ಚನ್ನು ಒತ್ತಿದ ಟೈಲರಮ್ಮನಿಗೆ ಕಾಲಡಿಗೆ ಬಂಡೆ ಸಿಕ್ಕಂತಾಯಿತು. ಸೀಟಿಗೆ ಬೆನ್ನು ಕೊಟ್ಟು, ಹಲ್ಲು ಕಚ್ಚಿ ತುಳಿದರೆ ಅರ್ಧ ಇಳಿಯುತ್ತಿತ್ತು. ಬಿಡುವಾಗ ಕಾಲು ನಡುಗಿ ಪೆಡಲ್ ಜಾರಿ ಎದ್ದುಬಿಡುತ್ತಿತ್ತು; ಕಾರು ಕಪ್ಪೆಯಂತೆ ಕುಪ್ಪಳಿಸಿ ಆಫ್ ಆಗುತ್ತಿತ್ತು.

"ಏನ್ರೀ ಇದು, ಇಷ್ಟು ಗಟ್ಟಿ ಆಗಿದೆ?"

"ಹಳೇ ಗಾಡಿ, ಹಂಗೇ ಇರತ್ತೆ. ಸ್ಕೂಲಿನ ಹೊಸ ಗಾಡೀಲಿ ಕಲ್ತವಳಿಗೆ ಏನು ಗೊತ್ತು?" ಎಂದು ಅವನು ಎಡಗಾಲು ಇಟ್ಟು ಒತ್ತಿದ. ಟ್ಯಾಂಕರ್ ತುಳಿದ ಕಾಲು. ಪೆಡಲ್ ಸರಾಗವಾಗಿ ಇಳಿಯಿತು. "ನೋಡು, ಬೆಣ್ಣೆ ಇದ್ದ ಹಾಗಿದೆ."

ಅವಳು ಬಿಡಲಿಲ್ಲ. ಒಂದು ತಿಂಗಳು ಹಟ ಹಿಡಿದು ಓಡಿಸಿದಳು. ನಾಲ್ಕು ರಸ್ತೆ ಕೂಡುವಲ್ಲಿ, ಹಸಿರು ದೀಪ ಬಂದಾಗ, ಮೂರು ಸಲ ಕಾರು ನಿಂತುಹೋಯಿತು. ಹಿಂದಿನ ಗಾಡಿಗಳು ಹಾರ್ನ್ ಬಾರಿಸುವಾಗ ಪಕ್ಕದಲ್ಲಿದ್ದ ಗಂಡ ಕಿಟಕಿಯ ಗಾಜಿಳಿಸಿ, "ಸ್ವಲ್ಪ ಸುಧಾರಿಸಿಕೊಳ್ಳಿ ಸ್ವಾಮಿ, ಇದು ಹೊಲಿಗೆ ಮೆಷಿನ್ ಅಂದ್ಕೊಂಡಿದಾಳೆ" ಎಂದು ಹೇಳುತ್ತಿದ್ದ. ನೆಂಟರ ಮನೆಗಳಲ್ಲಿ ಇದನ್ನೇ ಕಾಲು ಅಲುಗಿಸಿ ಅಭಿನಯಿಸಿ ತೋರಿಸುತ್ತಿದ್ದ. ಮದುವೆಯಾಗಿ ಬೇರೆ ಊರಿನಲ್ಲಿದ್ದ ಮಗಳೂ ಫೋನಿನಲ್ಲಿ ಕೇಳಿ ನಕ್ಕಿದ್ದಳು. ಕೊನೆಗೆ ಟೈಲರಮ್ಮನ ಎಡ ಮಂಡಿ ಊದಿತು. ಡಾಕ್ಟರು, "ಈ ಕಾಲಿಗೆ ಇಷ್ಟು ಭಾರ ಯಾಕೆ ಕೊಟ್ರಿ?" ಎಂದು ಕೇಳಿದರು. ಆಮೇಲೆ ಅವಳು ಕಾರು ಮುಟ್ಟಲಿಲ್ಲ.

ಅಮ್ಮ ಸತ್ತ ಮೇಲೆ ಟೈಲರಮ್ಮನನ್ನು ಸಾಕಿದ್ದು ಅವಳ ಅಕ್ಕ. ಹದಿನೆಂಟು ಕಿಲೋಮೀಟರ್ ಆಚೆ ಒಬ್ಬಳೇ ಇದ್ದಳು. ಮೂರು ವರ್ಷಗಳ ನಂತರ ಒಂದು ಬೆಳಗ್ಗೆ ಹತ್ತು ಗಂಟೆಗೆ ಅಕ್ಕನ ಫೋನ್ ಬಂತು. "ಎದೆ ಒಂಥರಾ ಹಿಂಡ್ತಾ ಇದೆ ಕಣೇ. ಪಕ್ಕದ ಮನೆಯವರೂ ಇಲ್ಲ. ಬರ್ತೀಯಾ?"

ಟ್ಯಾಂಕರ್ ಜಗಲಿಯ ಮೇಲೆ ಕೂತು ಗೆಳೆಯರ ಜತೆ ಇಸ್ಪೀಟಾಡುತ್ತಿದ್ದ.

"ರೀ, ಏಳಿ, ಅಕ್ಕನಿಗೆ ಹುಷಾರಿಲ್ಲ."

"ನಿಮ್ಮಕ್ಕನಿಗೆ ಯಾವಾಗ ಹುಷಾರಿತ್ತು? ಈ ಆಟ ಮುಗೀಲಿ." ಎಲೆಗಳಿಂದ ಕಣ್ಣೆತ್ತದೆ ಜೇಬಿನಿಂದ ಕೀ ತೆಗೆದು ಕಟ್ಟೆಯ ಮೇಲೆ ಎಸೆದ. "ಅಷ್ಟು ಅವಸರ ಇದ್ರೆ ನೀನೇ ಹೋಗು. ಲೈಸೆನ್ಸ್ ಇದೆಯಲ್ಲ."

ಅವಳು ಕೀ ಎತ್ತಿಕೊಂಡು ಹತ್ತಿದಳು. ಗೇಟಿನ ಹತ್ತಿರ ಸಣ್ಣ ಏರು. ಮೊದಲ ಸಲ ಆಫ್ ಆಯಿತು, ಎರಡನೆಯ ಸಲವೂ ಆಯಿತು. ಮೂರನೆಯ ಸಲ ಮಂಡಿಯೊಳಗೆ ಏನೋ ಕಳಕ್ ಎಂದು, ಕಾರು ಹಿಂದಕ್ಕೆ ಜಾರಿ ಗೋಡೆಗೆ ಒರಗಿತು. ಜಗಲಿಯ ಮೇಲಿನ ನಾಲ್ವರೂ ಚಪ್ಪಾಳೆ ತಟ್ಟಿದರು. ಆಟೋ ಸಿಗದೆ ಅವಳು ಕುಂಟುತ್ತಾ ಬಸ್ ಸ್ಟ್ಯಾಂಡಿಗೆ ಹೋಗಿ, ಕಾದು, ಎರಡು ಬಸ್ ಬದಲಿಸಿ ಅಕ್ಕನ ಮನೆ ಮುಟ್ಟಿದಾಗ ಮಧ್ಯಾಹ್ನ ಒಂದೂವರೆ ಗಂಟೆ. ಅಕ್ಕ ಬಾಗಿಲ ಚಿಲಕ ತೆಗೆದಿಟ್ಟು, ತಲೆ ಬಾಚಿಕೊಂಡು, ಹೊರಡಲು ಸಿದ್ಧವಾಗಿ ಕುರ್ಚಿಯಲ್ಲಿ ಕೂತಿದ್ದಳು. ಮೈ ತಣ್ಣಗಾಗಿತ್ತು.

"ಹೋಗೋ ಕಾಲ ಬಂದಿತ್ತು, ಹೋದಳು" ಎಂದ ಟ್ಯಾಂಕರ್. ಅದರ ಬಗ್ಗೆ ಅವನಾಡಿದ್ದು ಅಷ್ಟೇ. ಟೈಲರಮ್ಮ ತನ್ನ ಕಾಲನ್ನೇ ಶಪಿಸಿಕೊಂಡಳು.

ಮತ್ತೆರಡು ವರ್ಷಕ್ಕೆ ಟ್ಯಾಂಕರ್ ಬಚ್ಚಲಿನಲ್ಲಿ ಕುಸಿದು ಬಿದ್ದ. ಎಡಗೈ, ಎಡಗಾಲು ಸ್ವಾಧೀನ ತಪ್ಪಿದವು, ಮಾತು ತೊದಲಾಯಿತು. ಆಸ್ಪತ್ರೆಯಿಂದ ಕಳಿಸುವಾಗ ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಒತ್ತಿ ಹೇಳಿದರು: "ವಾರಕ್ಕೆ ಮೂರು ದಿನ ಕರ್ಕೊಂಡು ಬನ್ನಿ. ಮೊದಲ ಮೂರು ತಿಂಗಳು ಬಹಳ ಮುಖ್ಯ. ಕೋಲು ಹಿಡ್ಕೊಂಡಾದ್ರೂ ನಡೀತಾರೆ. ಈಗ ಬಿಟ್ರೆ ಕಾಲು ಬಿಗಿದು ಹೋಗತ್ತೆ."

ಅಷ್ಟು ದೊಡ್ಡ ಆಳನ್ನು ಬಸ್ಸಿಗೆ ಹತ್ತಿಸುವುದು ಆಗದ ಮಾತು. ಅವಳು ಹೇಗೋ ಕಾರನ್ನು ಒಂದನೇ ಗೇರಿನಲ್ಲೇ ಓಡಿಸಿಕೊಂಡು ಹತ್ತಿರದ ಇನ್ನೊಂದು ಗ್ಯಾರೇಜಿಗೆ ಹೋದಳು. ಅಲ್ಲಿನ ಮೆಕ್ಯಾನಿಕ್ ಮಿತಭಾಷಿ. ಪೆಡಲನ್ನು ಕೈಯಿಂದ ಒತ್ತಿ ನೋಡಿ ಹುಬ್ಬೇರಿಸಿದ. ಮೊದಲು ಪೆಡಲಿನ ಕೀಲಿಗೆ ಗ್ರೀಸ್ ಹಚ್ಚಿದ. ಆಮೇಲೆ ಬಾನೆಟ್ ಎತ್ತಿ ಕ್ಲಚ್ ಕೇಬಲ್ ಹುಡುಕಿದ. ಸಲೀಸಾಗಿ ಬಾಗಿ ಹೋಗಬೇಕಾದ ಕೇಬಲನ್ನು ಯಾರೋ ತಂತಿಯಿಂದ ಬಿಗಿದು ಮೂಲೆಗೆ ಎಳೆದು ಕಟ್ಟಿದ್ದರು.

"ಇದನ್ನ ಯಾರು ಕಟ್ಟಿದ್ದು ಅಮ್ಮಾ? ಹೀಗೆ ಮಡಚಿದ್ರೆ ಒಳಗೆ ಎಳೆ ಉಜ್ಜಿ ಹಿಡ್ಕೊಳ್ಳತ್ತೆ."

ಹೊಸ ಕೇಬಲ್ ಹಾಕಿದ. ಸ್ವಲ್ಪ ಹಗುರಾಯಿತು, ಸಾಲದು. ಮರುದಿನ ಗೇರ್ ಬಾಕ್ಸ್ ಇಳಿಸಿದ. ಸಂಜೆ ಟೈಲರಮ್ಮ ಹೋದಾಗ ತಟ್ಟೆಯಂಥ ಭಾರವಾದ ಕಬ್ಬಿಣವೊಂದನ್ನು ಅವಳ ಮುಂದೆ ಇಟ್ಟ.

"ಇದು ಪ್ರೆಶರ್ ಪ್ಲೇಟ್. ಕ್ಲಚ್ ಒತ್ತೋದು ಅಂದ್ರೆ ಇದರ ಸ್ಪ್ರಿಂಗ್ ಒತ್ತೋದು. ಆದ್ರೆ ಇದು ನಿಮ್ಮ ಕಾರಿಂದಲ್ಲ. ಸಾಮಾನು ಸಾಗಿಸೋ ವ್ಯಾನಿಂದು. ಅಳತೆ ಒಂದೇ, ಸ್ಪ್ರಿಂಗ್ ಎರಡರಷ್ಟು ಗಟ್ಟಿ."

"ತಪ್ಪಿ ಹಾಕಿರಬಹುದಾ?"

ಅವನು ಬಟ್ಟೆಯಲ್ಲಿ ಕೈ ಒರೆಸಿಕೊಂಡ. "ಒಂದಾದ್ರೆ ತಪ್ಪು ಅನ್ನಬಹುದು. ಕೇಬಲ್ಲೂ ಕಟ್ಟಿದಾರಲ್ಲ."

ಅವಳು ಅಲ್ಲಿಂದ ನೇರವಾಗಿ ಗಂಡನ ಗೆಳೆಯನ ಗ್ಯಾರೇಜಿಗೆ ಹೋದಳು. ಅವನು ಮೊದಲು ಆಕಾಶ ನೋಡಿದ, ಆಮೇಲೆ ನೆಲ ನೋಡಿದ. ಕೊನೆಗೆ ನಗು ಬರಿಸಿಕೊಂಡು ಬಾಯಿಬಿಟ್ಟ. "ಟ್ಯಾಂಕರೇ ಪ್ಲೇಟ್ ತಂದ್ಕೊಟ್ಟಿದ್ದು ಅತ್ತಿಗೆ. 'ಅವಳು ಗಾಡಿ ಮುಟ್ಟಬಾರದು, ಹಾಗೆ ಮಾಡು' ಅಂದ. ಒಂದು ತಮಾಷೆ ಅಂತ ಮಾಡಿದ್ವಿ. ಆಮೇಲೆ ಮರ್ತೇ ಹೋಯ್ತು."

"ನಮ್ಮಕ್ಕ ಸತ್ತ ದಿನ ನೀವೂ ಜಗಲಿ ಮೇಲೆ ಇದ್ರಲ್ಲ. ಅವತ್ತೂ ಮರ್ತಿತ್ತಾ?"

ಅವನು ಸ್ಪಾನರ್ ಹುಡುಕುವ ನೆಪದಲ್ಲಿ ಒಳಗೆ ಹೋದ.

ಮೂರನೆಯ ದಿನ ಕಾರು ಸಿದ್ಧವಾಯಿತು. ಸರಿಯಾದ ಪ್ಲೇಟು, ಹೊಸ ಬೇರಿಂಗು. ಟೈಲರಮ್ಮ ಪೆಡಲಿನ ಮೇಲೆ ಪಾದ ಇಟ್ಟಳು. ಕಾಲಿನ ಭಾರಕ್ಕೇ ಅರ್ಧ ಇಳಿಯಿತು. ಅವಳು ಸ್ಟೀರಿಂಗಿಗೆ ಹಣೆ ಹಚ್ಚಿ ಬಹಳ ಹೊತ್ತು ಕೂತಿದ್ದಳು. ಮೆಕ್ಯಾನಿಕ್ ದೂರ ಹೋಗಿ ನಿಂತ.

ಮನೆಗೆ ಬಂದು ಗಂಡನ ಮಂಚದ ಪಕ್ಕ ಕುರ್ಚಿ ಎಳೆದುಕೊಂಡಳು. "ಕ್ಲಚ್ ಹಗುರ ಮಾಡಿಸಿದೆ. ಒಳಗೆ ಏನಿತ್ತು ಅಂತಾನೂ ನೋಡಿದೆ."

ಅವನ ಬಾಯಿ ಒಂದು ಕಡೆಗೆ ಎಳೆಯಿತು. "ನೀ... ನೀನು ಎಲ್ಲಾದ್ರೂ ಗುದ್ದಿಕೊಳ್ತೀಯ ಅಂತ..."

"ಸುಳ್ಳು."

ಅವನು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದ. ಅತ್ತಲೇ ನೋಡುತ್ತಾ, "ನಾಳೆ ಡಾಕ್ಟರ ಹತ್ರ ಹೋಗಬೇಕಲ್ಲ" ಎಂದ.

"ನಾಳೆ ನನಗೆ ಕೆಲಸ ಇದೆ" ಎಂದಳು.

ಮರುದಿನ ಬಟ್ಟೆಗಂಟುಗಳನ್ನು ಕಾರಿಗೆ ತುಂಬಿಕೊಂಡು ಹೊರಟಳು. ಆಮೇಲೂ ಹಾಗೆಯೇ. ಗಂಡನಿಗೆ ಹೊತ್ತಿಗೆ ಸರಿಯಾಗಿ ಊಟ ಕೊಟ್ಟಳು, ಮೈ ಒರೆಸಿದಳು, ಹಾಸಿಗೆ ಬದಲಿಸಿದಳು, ಮಾತ್ರೆ ನುಂಗಿಸಿದಳು. ಯಾರೂ ಬೆರಳು ಮಾಡಿ ತೋರಿಸುವಂತಿರಲಿಲ್ಲ. ಆಸ್ಪತ್ರೆಗೆ ಮಾತ್ರ ಕರೆದೊಯ್ಯಲಿಲ್ಲ. ಮೊದಮೊದಲು ಅವನು ಬೈದ. ಬೈಗುಳವೂ ತೊದಲಿ ಮುರಿದು ಬೀಳುತ್ತಿತ್ತು. ಆಮೇಲೆ ಬೇಡಿಕೊಂಡ. ಕೊನೆಕೊನೆಗೆ ಕಾರು ಸ್ಟಾರ್ಟ್ ಆದ ಸದ್ದು ಕೇಳಿದರೆ ಅಳುತ್ತಿದ್ದ. ಡಾಕ್ಟರಮ್ಮ ಎರಡು ಸಲ ಫೋನ್ ಮಾಡಿದರು. ಅವಳು, "ಅವರೇ ಬೇಡ ಅಂತಾರೆ" ಎಂದಳು.

ನಾಲ್ಕನೆಯ ತಿಂಗಳು ಮಗಳು ಬಂದಳು. ಅಪ್ಪನ ಪಾದ ಒಳಕ್ಕೆ ತಿರುಚಿ ಮರದ ತುಂಡಿನಂತಾಗಿದ್ದುದನ್ನು ಮುಟ್ಟಿ ನೋಡಿದಳು. ಅಪ್ಪ ತೊದಲುತ್ತಾ ಹೇಳಿದ್ದನ್ನೆಲ್ಲ ಕೇಳಿ ಹೊಲಿಗೆ ಕೋಣೆಗೆ ಬಂದಳು. ಅಮ್ಮ ಅಂಗಿಯೊಂದಕ್ಕೆ ಕಾಲರ್ ಕೂಡಿಸುತ್ತಿದ್ದಳು. ಮೆಷಿನ್ ನಿಲ್ಲಿಸಿ ಪ್ಲೇಟಿನ ಕಥೆಯನ್ನೂ ಅಕ್ಕನ ಕಥೆಯನ್ನೂ ಹೇಳಿದಳು. ಏನನ್ನೂ ಮುಚ್ಚಿಡಲಿಲ್ಲ.

"ಅಪ್ಪ ಮಾಡಿದ್ದು ತಪ್ಪು. ಆದ್ರೆ ನೀನು ಮಾಡಿದ್ದು ಸರಿಯಾ ಅಮ್ಮಾ?"

"ಸರಿಯಲ್ಲ."

"ಮತ್ತೆ?"

"ಸರಿಯಲ್ಲ ಅಂದ್ನಲ್ಲ."

"ದೊಡ್ಡಮ್ಮ ಬದುಕಿದ್ರೆ ನಿನ್ನ ಮುಖ ನೋಡ್ತಿದ್ಳಾ?"

ಟೈಲರಮ್ಮನ ಕೈ ಬಟ್ಟೆಯ ಮೇಲೆ ನಿಂತಿತು. ಮಗಳು ಅಲ್ಲೇ ನಿಂತು ಕಾದಳು, ಕಾದು ಒಳಗೆ ಹೋಗಿ ಅಪ್ಪನ ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದಳು.

ಅವನನ್ನು ಮಗಳ ಮನೆಗೆ ಕರೆದುಕೊಂಡು ಹೋಗಲು ಬಾಡಿಗೆ ಗಾಡಿ ಬಂತು. "ನಾನೇ ಬಿಟ್ಟು ಬರ್ತೀನಿ" ಎಂದಳು ಟೈಲರಮ್ಮ. ಮಗಳು ಕೇಳಿಸಿಕೊಳ್ಳದವಳಂತೆ ಅಪ್ಪನ ಕಂಕುಳಿಗೆ ಕೈ ಹಾಕಿ ಎತ್ತಿದಳು. ಟೈಲರಮ್ಮ ಆ ಬಿಗಿದ ಕಾಲನ್ನು ಎರಡೂ ಕೈಯಲ್ಲಿ ಹಿಡಿದು, ಮೆತ್ತಗೆ ಗಾಡಿಯೊಳಗೆ ಇಟ್ಟಳು. ಅವನು ಅವಳ ಕಡೆ ನೋಡಲಿಲ್ಲ.

ಮಗಳು ಈಗ ತಿಂಗಳಿಗೊಮ್ಮೆ ಫೋನ್ ಮಾಡುತ್ತಾಳೆ. ಅಪ್ಪನ ಹಳೆಯ ಆಸ್ಪತ್ರೆ ಚೀಟಿಯೊಂದು ಎಲ್ಲಿದೆ, ಡಾಕ್ಟರು ಮೊದಲು ಯಾವ ಮಾತ್ರೆ ಕೊಡುತ್ತಿದ್ದರು ಎಂದು ಕೇಳುತ್ತಾಳೆ, ಫೋನ್ ಇಡುತ್ತಾಳೆ. ಟೈಲರಮ್ಮ ವಾರಕ್ಕೆ ಎರಡು ದಿನ ಬಟ್ಟೆಗಂಟು ಹಾಕಿಕೊಂಡು ಕಾರಿನಲ್ಲಿ ಹೋಗುತ್ತಾಳೆ. ಗಿರಾಕಿಗಳು ಹೆಚ್ಚಾಗಿದ್ದಾರೆ. ಹೆದ್ದಾರಿಯಲ್ಲಿ ಮಗಳ ಊರಿನ ಹೆಸರು ಬರೆದ ಫಲಕ ಇರುವ ಕಡೆ ಒಂದೆರಡು ಸಲ ಕಾರನ್ನು ಬದಿಗೆ ನಿಲ್ಲಿಸಿದ್ದುಂಟು. ಆ ಕಡೆಗೆ ತಿರುಗಿಸಿದ್ದಿಲ್ಲ.