ಕೆಂಪು ಗೆರಿ ಅಳಿಸದ ಶರಣಮ್ಮಕ್ಕ

ದೋಸ್ತರೇ, ಇವತ್ತ ನನ್ನ ದಲಾಲಿ ಮಣ್ಣುಪಾಲಾತು ಅನ್ಕೊಂಡಿದ್ದೆ.

ಆಳಂದ ಬಾಜಾರದಾಗ ರಸ್ತಾ ಅಗಲ ಮಾಡಾಕತ್ತಾರ. ಎಲ್ಲಿ ತನಕ ಒಡೀತಾರ ಅಂತ ಅಂಗಡಿ ಗೋಡಿಗೋಳಿಗೆ ಕೆಂಪು ಗೆರಿ ಎಳದು ಹೋಗ್ಯಾರ. ಬಳೆ ಅಂಗಡಿ ಶರಣಮ್ಮಕ್ಕ ತನ್ನ ಅಂಗಡಿ ಮಾರಿಸಿಕೊಡು ಅಂದಿದ್ಲು. "ಸಾಹುಕಾರ್ರು ನೋಡಾಕ ಬರ್ತಾರ, ಗೆರಿ ಮ್ಯಾಲ ಸುಣ್ಣ ಹೊಡಸಕ್ಕಾ" ಅಂತ ನಿನ್ನಿನೇ ಹೇಳಿ ಬಂದಿದ್ದೆ.

ಇವತ್ತ ಕಲಬುರಗಿ ಸಾಹುಕಾರ್ರನ್ನ ಕರ್ಕೊಂಡು ಹೋದ್ರ, ಮಾಸಿದ್ದ ಗೆರಿ ಮ್ಯಾಲ ಹೊಸಾ ಕೆಂಪು ಬಣ್ಣ ಹಚ್ಯಾಳ!

"ಇದೇನ್ ಮಾಡಿದಿ ಅಕ್ಕಾ?" ಅಂದೆ ಮೆಲ್ಲಕ.

"ಗೆರಿ ಅಳಿಸಿದ್ರ ಗೋಡಿ ಉಳೀತದೇನೋ ತಮ್ಮಾ?" ಅಂತ ಜೋರಾಗೇ ಅಂದು ಸಾಹುಕಾರ್ರ ಕಡೆ ತಿರುಗಿದ್ಲು. "ಮುಂದಿನ ಎಂಟು ಫೂಟ ರಸ್ತಾಕ್ಕ ಹೋಗ್ತದ್ರಿ. ಅದಕ್ಕ ರೊಕ್ಕ ಕೇಳಂಗಿಲ್ಲ. ಹಿಂದ ಉಳಿಯೋದಕ್ಕ ಮಾತ್ರ ಒಂದು ಪೈಸಾನೂ ಕಮ್ಮಿ ಮಾಡಂಗಿಲ್ಲ. ನಾಳೆ ದೊಡ್ಡ ರಸ್ತಾ ಇದರ ಬಾಗಲಕ್ಕೇ ಬರ್ತದ."

ಸಾಹುಕಾರ್ರು ತಿರುಗಿ ಹೋಗ್ತಾರ ಅನ್ಕೊಂಡೆ. ಅವರು ಗೆರಿಯಿಂದ ಹಿಂದಿನ ಗೋಡಿ ತನಕ ಹೆಜ್ಜಿ ಹಾಕಿ ಅಳದು, ಆಕಿ ಹೇಳಿದ ರೇಟಿಗೇ ಹೂಂ ಅಂದ್ರು.

ಹೊರಗ ಬಂದು ನನ್ನ ಕೇಳಿದ್ರು: "ಎದುರಿನ ಅಂಗಡಿನೂ ಮಾರಾಕ ಅದ ಅಂತಲ್ರಿ? ಗೆರಿನೇ ಕಾಣವಲ್ದು, ಹಸಿ ಸುಣ್ಣದ ವಾಸನಿ ಇಲ್ಲಿ ತನಕ ಬರಾಕತ್ತದ. ಅಂಥಾ ಮಂದಿ ಜೋಡಿ ನಾ ವ್ಯವಹಾರ ಮಾಡಂಗಿಲ್ಲ. ಯಾರದ್ರಿ ಅದು?"

"ಯಾರಿಗೊತ್ರಿ" ಅಂದೆ.

ಆ ಅಂಗಡಿ ದಲಾಲಿನೂ ನಂದೇ, ಮುಂಜಾನೆ ಖುದ್ದು ನಿಂತು ಆ ಸುಣ್ಣ ಹೊಡಸಿದವನೂ ನಾನೇ. ಉಳಿದ ಕೆಂಪು ಬಣ್ಣ ಕೇಳಾಕ ಈಗ ಶರಣಮ್ಮಕ್ಕನ ಕಡೆ ಹೊಂಟೇನಿ.