ಬಿಸಿ ತಿಳಿಯದ ಕೈ

ಇಸ್ತ್ರಿ ಅಂಗಡಿಯ ಅಕ್ಕನ ಬಾಯಿಗೆ ಬೀದಿಯೇ ಹೆದರುತ್ತಿತ್ತು. ಗಂಡ ಹೋದ ಮೇಲೆ ಯಾರ ಮುಂದೆಯೂ ಕೈ ಚಾಚದೆ ಅಂಗಡಿ ನಡೆಸಿದವಳು. ಇಸ್ತ್ರಿ ಪೆಟ್ಟಿಗೆ ಕಾದಿದೆಯೋ ಇಲ್ಲವೋ ಎಂದು ಒದ್ದೆ ಬೆರಳು ತಾಗಿಸಿಯೇ ನೋಡುವಳು. ಅದರ ಮೇಲಿನ ಗುಂಡಿ ದೀಪಗಳನ್ನೆಲ್ಲ ಅವಳು ನಂಬಿದ್ದೇ ಇಲ್ಲ.

ಒಂದು ದಿನ ಗಿರಾಕಿಯೊಬ್ಬರ ರೇಷ್ಮೆ ಅಂಗಿ ಸುಟ್ಟುಹೋಯಿತು. ಮತ್ತೊಂದು ದಿನ ಏನೋ ಸುಟ್ಟ ವಾಸನೆ ಬಂತೆಂದು ಒಳಗಿದ್ದ ತಮ್ಮ ಓಡಿಬಂದರೆ, ಅಕ್ಕನ ಎಡಗೈ ಕಾದ ಪೆಟ್ಟಿಗೆಗೆ ಅಂಟಿಕೊಂಡಿದೆ, ಅವಳು ಮಾತ್ರ ಯಾರೊಂದಿಗೋ ನಗುನಗುತ್ತಾ ಮಾತಾಡುತ್ತಿದ್ದಾಳೆ!

"ಜ್ಞಾನ ಎಲ್ಲಿಟ್ಟಿದ್ದೆ ಅಕ್ಕಾ?" ಎಂದು ಕೂಗಾಡಿದ. ಭಾವ ಹೋದಾಗಿನಿಂದ ಅವಳ ತಲೆ ನೆಟ್ಟಗಿಲ್ಲ, ಇನ್ನು ಅಂಗಡಿ ನಾನೇ ನೋಡಿಕೊಳ್ಳುತ್ತೇನೆ ಎಂದು ನೆಂಟರಿಗೆಲ್ಲ ಹೇಳಿಕೊಂಡು ಬಂದ. ಸುಟ್ಟ ಕೈ ನೋಡಿದ ಮೊದಲ ಡಾಕ್ಟರೂ ಚಿಂತೆ ಕಡಿಮೆ ಮಾಡಿ ಎಂದು ಟಾನಿಕ್ ಬರೆದು ಸಾಗಹಾಕಿದರು.

"ಚಿಂತೆ ಮಾಡೋರಿಗೆಲ್ಲ ಕೈ ಸುಟ್ರೆ ಗೊತ್ತಾಗಲ್ವಾ? ಹಾಗಿದ್ರೆ ಈ ಬೀದೀಲಿ ಯಾರ ಕೈಯೂ ಉಳೀತಿರಲಿಲ್ಲ," ಎಂದಳು ಅಕ್ಕ. ಬಾಟಲಿಯ ಮುಚ್ಚಳವನ್ನೂ ತೆರೆಯದೆ, ದೊಡ್ಡಾಸ್ಪತ್ರೆಯ ನರರೋಗದ ಡಾಕ್ಟರಮ್ಮನ ಮುಂದೆ ಹೋಗಿ ಕೂತಳು. ತಮ್ಮ ಗೊಣಗುತ್ತ ಹಿಂದೆ ಬಂದ.

ಡಾಕ್ಟರಮ್ಮ ಅವಳ ಕಣ್ಣು ಮುಚ್ಚಿಸಿ ಹತ್ತಿಯಿಂದ ಕೈ ಸವರಿದರು. ಸವರಿದ್ದು ಅವಳಿಗೆ ಗೊತ್ತಾಯಿತು. ಬಿಸಿನೀರು ತುಂಬಿದ ಗಾಜಿನ ಕೊಳವೆ, ತಣ್ಣೀರು ತುಂಬಿದ ಕೊಳವೆ ಎರಡನ್ನೂ ಬೆರಳಿಗೆ, ತೋಳಿಗೆ, ಹೆಗಲಿಗೆ ಮುಟ್ಟಿಸಿದರು. ಅಕ್ಕನಿಗೆ ಎರಡೂ ಒಂದೇ.

"ಇದು ಕೈಯ ತೊಂದರೆ ಅಲ್ಲಮ್ಮ. ಕತ್ತಿನೊಳಗೆ ನೋಡ್ಬೇಕು. ಎಂಆರ್‌ಐ ಮಾಡಿಸೋಣ."

ಸುರಂಗದಂಥ ಯಂತ್ರದೊಳಗೆ ಮಲಗಿಸಿದರು. ಕಿವಿಯ ಪಕ್ಕದಲ್ಲೇ ತಗಡು ಬಡಿದಂಥ ಸದ್ದು. ಎದೆ ಡವಗುಟ್ಟಿತು, ಕೆಮ್ಮು ಬಂತು, ಚಿತ್ರ ಕದಡಿಹೋಯಿತು.

"ಭಯ ಆದ್ರೆ ಇನ್ನೊಂದು ದಿನ ಬನ್ನಿ ಅಮ್ಮ," ಎಂದ ಯಂತ್ರ ನಡೆಸುವವ.

"ಭಯ ಆಗಿದೆ. ಅದಕ್ಕೇನೀಗ? ಮತ್ತೆ ತೆಗೀರಿ."

ತಲೆಕೆಟ್ಟವಳು ಅನ್ನಿಸಿಕೊಂಡು ಅಂಗಡಿ ಬಿಟ್ಟುಕೊಡುವುದಕ್ಕಿಂತ ಈ ಸದ್ದೇ ವಾಸಿ ಎಂದು ಹಲ್ಲುಕಚ್ಚಿ ಮಲಗಿದಳು. ಈ ಸಲ ಚಿತ್ರ ಸ್ಪಷ್ಟವಾಗಿ ಬಂತು.

ಪರದೆಯ ಮೇಲೆ ಬೂದುಬಣ್ಣದ ಬೆನ್ನುಹುರಿ, ಅದರ ನಡುವೆ ಬೆಳ್ಳಗೆ ಉದ್ದನೆಯ ನೀರುಗುಳ್ಳೆ.

"ಬಲು ಅಪರೂಪ ಇದು," ಎಂದರು ಡಾಕ್ಟರಮ್ಮ. "ಬಿಸಿ, ನೋವು ತಿಳಿಸೋ ನರಗಳನ್ನ ಒತ್ತಿಬಿಟ್ಟಿದೆ. ಆಪರೇಷನ್ ಮಾಡಿ ನೀರು ತೆಗೀಬೇಕು, ಇಲ್ಲಾಂದ್ರೆ ಕೈಯ ಬಲವೂ ಹೋಗುತ್ತೆ. ಆದ್ರೆ ಬಿಸಿ ಮತ್ತೆ ತಿಳಿಯುತ್ತೆ ಅಂತ ಮಾತು ಕೊಡೋಕಾಗಲ್ಲ."

ಅಕ್ಕ ತಮ್ಮನ ಕಡೆ ತಿರುಗಿದಳು. "ನೋಡ್ಕೋ. ತಲೇಲಲ್ಲ, ಕತ್ತಲ್ಲಿ!" ಹೇಳುವಾಗ ಅವಳಿಗೆ ಸಂತೋಷಕ್ಕೆ ಅಳುವೇ ಬಂದುಬಿಟ್ಟಿತು.

ಆಪರೇಷನ್ ಆಯಿತು. ಬಲ ಉಳಿಯಿತು, ಬಿಸಿ ಮಾತ್ರ ತಿಳಿಯಲಿಲ್ಲ. ಗಾಯ ಮಾಗಿದ ಮೇಲೆ ಅಂಗಡಿಗೆ ಬಂದವಳೇ, ಮೇಜಿನ ಮುಂದೆ ಯಜಮಾನನ ಹಾಗೆ ನಿಂತಿದ್ದ ತಮ್ಮನನ್ನು ಪಕ್ಕಕ್ಕೆ ಸರಿಸಿ ಪೆಟ್ಟಿಗೆಗೆ ಕೈ ಹಾಕಿದಳು.

"ಅಕ್ಕಾ, ಬಿಸಿ ಇದೆ!" ಎಂದು ಅವನು ಕಿರುಚಿದ.

"ನಂಗೊತ್ತಾಗಲ್ಲ. ಹೀಗೇ ಹೇಳ್ತಾ ಪಕ್ಕದಲ್ಲಿ ನಿಂತಿರು. ಇಸ್ತ್ರಿ ನಾನು ಹಾಕ್ತೀನಿ."